ಅಕ್ಕನ ಸ್ನಾನದ ಲೆಕ್ಕ

ಮೊನ್ನೆ ಭಾನುವಾರ ಮಹಡಿ ಮನೆಯ ಹುಡುಗಿ ಕರೆಂಟ್ ಬಿಲ್ಲು ಹಿಡಿದು ಇಳಿದು ಬಂದಳು. "ಆಂಟಿ, ನೋಡಿ ಇದನ್ನ. ಹೋದ್ ತಿಂಗಳಿಗಿಂತ ಡಬಲ್ ಬಂದಿದೆ. ಏನ್ ಮಾಡೋದು?" ವಿಜಯನಗರದ ನಮ್ಮ ರಸ್ತೆಯಲ್ಲಿ ಈ ವಿಷಯದ ಅನುಭವ ನನ್ನಷ್ಟು ಯಾರಿಗೂ ಇಲ್ಲವೆಂದು ಅವಳಿಗೆ ಯಾರೋ ಹೇಳಿರಬೇಕು. ಅವಳಿಗೆ ಪೂರ್ತಿ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ.

ಆಗ ಮನೆಯಲ್ಲಿದ್ದದ್ದು ನಾನು, ಅಕ್ಕ ಇಬ್ಬರೇ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾಗಿದ್ದಳು. ಇಬ್ಬರಿಗೂ ಮದುವೆಯ ಯೋಗ ಬರಲಿಲ್ಲ. ನನ್ನನ್ನು ನೋಡಲು ಬಂದ ಗಂಡುಗಳನ್ನಂತೂ ಅಕ್ಕ ಉತ್ತರಪತ್ರಿಕೆಯಂತೆ ತಿದ್ದಿ ಫೇಲು ಮಾಡಿ ಕಳಿಸಿದಳು. ಒಂದು ಬಲ್ಬು ಸುಮ್ಮನೆ ಉರಿದರೆ "ಯಾರಪ್ಪನ ಮನೆ ಕರೆಂಟೇ ಅದು?" ಎಂದು ಕೂತಲ್ಲಿಂದಲೇ ಗದರುವಳು. ಅಂಥವಳಿದ್ದ ಮನೆಯಲ್ಲಿ ಬಿಲ್ಲು ತಿಂಗಳು ತಿಂಗಳೂ ಏರತೊಡಗಿತು.

ಮೊದಲು ಫ್ರಿಜ್ಜಿನ ಮೇಲೆ ಅನುಮಾನಪಟ್ಟೆ. ಎರಡು ದಿನ ಅದನ್ನು ಆರಿಸಿಟ್ಟು ಹಾಲು ಒಡೆಸಿಕೊಂಡದ್ದಷ್ಟೇ ಬಂತು. ಆಮೇಲೆ ಎಲೆಕ್ಟ್ರಿಷಿಯನ್ ಬಂದ. ಮನೆಯಲ್ಲಿದ್ದದ್ದೆಲ್ಲ ಆರಿಸಿ, ಮೀಟರಿನ ಕೆಂಪು ದೀಪವನ್ನೇ ಸ್ವಲ್ಪ ಹೊತ್ತು ನೋಡಿದ. "ಲೀಕೇಜ್ ಏನೂ ಇಲ್ಲ ಮೇಡಂ. ಹಗಲೊತ್ತು ಮನೇಲಿರೋರೇ ಏನೋ ಜಾಸ್ತಿ ಓಡಿಸ್ತಾ ಇದಾರೆ" ಎಂದ. ಹಗಲು ಮನೆಯಲ್ಲಿರುವವಳು ಅಕ್ಕ! ಇವನಿಗೆ ಕೆಲಸ ಗೊತ್ತಿಲ್ಲವೆಂದು ಬೈದುಕೊಂಡು, ನಾನೇ ಪತ್ತೆ ಮಾಡುವೆನೆಂದು ಒಂದು ದಿನ ರಜೆ ಹಾಕಿದೆ. ನನಗೆ ತಲೆನೋವೆಂದು ಅಕ್ಕನಿಗೆ ಸುಳ್ಳು ಹೇಳಿ, ಪೇಪರು ಹಿಡಿದು ನಡುಮನೆಯಲ್ಲಿ ಕೂತೆ.

ಅಕ್ಕನದೊಂದು ಕ್ರಮವಿತ್ತು. ಮೊದಲು ಸ್ನಾನ, ಆಮೇಲೆ ದೇವರ ದೀಪ, ಆಮೇಲೆ ತಿಂಡಿ. ಕಾಫಿಗೆ ಮಾತ್ರ ದೇವರು ರಿಯಾಯಿತಿ ಕೊಟ್ಟಿದ್ದ. ಇದೆಲ್ಲ ನಡೆಯುತ್ತಿದ್ದದ್ದು ನಾನು ಕಚೇರಿಗೆ ಹೊರಟ ಮೇಲೆ. ಅಂದು ಒಂಬತ್ತಕ್ಕೆ ಸ್ನಾನವಾಯಿತು, ದೀಪ ಹಚ್ಚಿದಳು, ಇಬ್ಬರೂ ಉಪ್ಪಿಟ್ಟು ತಿಂದೆವು. ಪುಟ್ಟ ದೀಪ, ಎಣ್ಣೆ ಮುಗಿದು ಆರಿತು. ಹನ್ನೊಂದಕ್ಕೆ ಅಕ್ಕ ಹೆಗಲಿಗೆ ಟವೆಲು ಹಾಕಿಕೊಂಡು ಮತ್ತೆ ಬಚ್ಚಲಿಗೆ ಹೋಗಿ ಗೀಸರು ಹಾಕಿದಳು. ಬಂದು ಮತ್ತೆ ದೀಪ ಹಚ್ಚಿದಳು. ಅದೂ ಆರಿತು, ಮಧ್ಯಾಹ್ನ ಒಂದಕ್ಕೆ ಇನ್ನೊಂದು ಸ್ನಾನ. ಹಿಂದಿನ ತಂತಿಯ ಮೇಲೆ ಮೂರು ಸೀರೆಗಳು ಒಣಗುತ್ತಿದ್ದವು. ಎಷ್ಟು ತಿಂಗಳಿಂದ ಹೀಗೆ ಒಣಗುತ್ತಿದ್ದವೋ! ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

"ಸಿಕ್ಕಿಬಿದ್ದೆ ಅಕ್ಕ! ದಿನಕ್ಕೆ ಮೂರು ಸ್ನಾನ. ಯಾರ ಮದುವೆಗೆ ಹೊರಟಿದೀಯ?" ಎಂದು ನಕ್ಕೆ.

ಅಕ್ಕ ನಗಲಿಲ್ಲ. "ಇವತ್ತು ಮೂರಾಯ್ತಾ?" ಎಂದಳು. ಒದ್ದೆ ಟವೆಲನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತಳು. "ಆರಿದ ದೀಪ ನೋಡಿದ್ರೆ, ಸ್ನಾನ ಮಾಡಿದ್ನೋ ಇಲ್ವೋ ಗೊತ್ತಾಗಲ್ಲ ಕಣೇ. ಸ್ನಾನ ಇಲ್ದೆ ದೀಪ ಹೇಗೆ ಮುಟ್ಲಿ? ಅದಕ್ಕೆ ಇನ್ನೊಂದ್ಸಲ ಮಾಡ್ಬಿಡ್ತೀನಿ. ಯಾರ್ಗೂ ಹೇಳ್ಬೇಡ."

ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮರೆವಿನ ಕಾಯಿಲೆ ಎಂದರು, ಮಾತ್ರೆ ಬರೆದುಕೊಟ್ಟರು. ಸ್ನಾನವಾದ ಮೇಲೆ ಗುರುತು ಹಾಕಲೆಂದು ಬಚ್ಚಲ ಬಾಗಿಲಿಗೆ ಚೀಟಿ ಅಂಟಿಸಿ ನೋಡಿದೆ. ಗುರುತು ನಿನ್ನೆಯದಿದ್ದರೆ ಎಂದು ಅಕ್ಕ ಅದನ್ನು ನಂಬಲಿಲ್ಲ. ನನ್ನ ಮಾತನ್ನು ಮಾತ್ರ ನಂಬುತ್ತಿದ್ದಳು. ಕೊನೆಗೆ, ಸ್ನಾನವಾದ ಕೂಡಲೇ ನನಗೆ ಫೋನು ಮಾಡಿ ಹೇಳುವುದು, ಅನುಮಾನ ಬಂದರೆ ಮತ್ತೆ ಕೇಳುವುದು ಎಂದು ಮಾಡಿಕೊಂಡೆವು. "ನನ್ನ ಸ್ನಾನ ಆಯ್ತೇನೇ?" "ಆಯ್ತಕ್ಕ, ದೀಪ ಹಚ್ಚು." ಕಚೇರಿಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ದಿನ ಪಿಂಚಣಿಯವರ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಅಕ್ಕನ ಫೋನು ಬಂತು. ಸ್ನಾನವಾಯಿತೆಂದು ಆಗಲೇ ಒಮ್ಮೆ ಮಾಡಿದ್ದಳು. ಬೆಳಿಗ್ಗೆಯಿಂದ ಇದು ಎರಡನೆಯದು, ಅಷ್ಟೇ. "ಎಷ್ಟು ಸಲ ಹೇಳ್ಬೇಕು ನಿಂಗೆ? ಮೊದಲು ಬಿಲ್ಲಿನ ಕಾಟ, ಈಗ ಈ ಫೋನಿನ ಕಾಟ!" ಎಂದು ರೇಗಿ ಇಟ್ಟುಬಿಟ್ಟೆ. ಆಮೇಲೆ ಫೋನು ಬರಲಿಲ್ಲ. ಸದ್ಯ, ನೆಮ್ಮದಿ ಎಂದುಕೊಂಡೆ.

ಸಂಜೆ ಮನೆಗೆ ಬಂದರೆ ಅಕ್ಕ ದೇವರ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ದೀಪದ ಬತ್ತಿ ಇನ್ನೂ ಬಿಳಿಯಾಗಿತ್ತು. ನಾನು ಮುಚ್ಚಿಟ್ಟು ಹೋಗಿದ್ದ ಚಿತ್ರಾನ್ನ ಹಾಗೆಯೇ ಇತ್ತು.

"ಸ್ನಾನ ಮಾಡಿದ್ರೆ ಬಿಲ್ ಬರುತ್ತೆ, ಫೋನ್ ಮಾಡಿದ್ರೆ ನಿಂಗೆ ಕೋಪ ಬರುತ್ತೆ. ನೀನೇ ಬರ್ಲಿ ಅಂತ ಕೂತೆ" ಎಂದಳು.

ಅವಳ ಕೈ ಹಿಡಿದು ದೀಪ ಹಚ್ಚಿಸಿದೆ. ಅಳುತ್ತಲೇ ತುತ್ತು ಮಾಡಿ ಬಾಯಿಗಿಟ್ಟೆ. ನಾನೇಕೆ ಅಳುತ್ತಿದ್ದೇನೆಂದು ಅಕ್ಕ ಎರಡು ಸಲ ಕೇಳಿದಳು. ಮರುವಾರದಿಂದ ಮಾರೇನಹಳ್ಳಿಯ ಒಬ್ಬ ಹೆಂಗಸು ಹಗಲಿಗೆ ಜೊತೆಗಿದ್ದಳು. ಅಕ್ಕ ಇನ್ನೊಂದು ವರ್ಷ ಇದ್ದಳು.

"ಹಗಲು ಮನೇಲಿ ಅಜ್ಜಿ ಒಬ್ರೇ ಇರೋದು ಆಂಟಿ. ಇವತ್ತು ಅವರನ್ನೇ ಹಿಡ್ಕೊಂಡು ಕೇಳ್ತೀನಿ" ಎಂದು ಮಹಡಿಯ ಹುಡುಗಿ ಹೊರಟಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

"ಏನೂ ಕೇಳ್ಬೇಡಮ್ಮ. ಒಂದು ದಿನ ರಜಾ ಹಾಕಿ ಅವರ ಜೊತೆ ಸುಮ್ನೆ ಕೂತ್ಕೋ."

ಆಸ್ಪತ್ರೆಯ ಓಡಾಟ ಬಿಟ್ಟರೆ, ಇಡೀ ದಿನ ಅಕ್ಕನ ಜೊತೆ ಮನೆಯಲ್ಲಿರಲು ನಾನು ಹಾಕಿದ್ದು ಒಂದೇ ಒಂದು ರಜೆ. ಅದೂ ಅವಳಿಗಾಗಿ ಅಲ್ಲ, ಬಿಲ್ಲಿಗಾಗಿ.