ದೊಡ್ಡವ್ವನ ಜೊತೆ ನೀರು ನೋಡಲು ಹೋದದ್ದು

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೈಸೂರಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಹಂಡೆ ತಿಕ್ಕುತ್ತಾ ಓದಿದವನು ನಾಲ್ಕು ಜನರ ಮುಂದೆ ಎದೆಯುಬ್ಬಿಸಿದರೆ ತಪ್ಪೇನೂ ಇಲ್ಲ. ಆದರೆ ಆ ಹಾಸ್ಟೆಲಿನಲ್ಲಿ ಪದವಿಯ ಜೊತೆಗೆ ಒಂದು ಹುಚ್ಚೂ ನನಗೆ ಅಂಟಿಕೊಂಡಿತು. ಪರೀಕ್ಷೆ ಮುಗಿದ ಮೇಲೆ ಉಳ್ಳವರ ಮಕ್ಕಳು ಊಟಿಗೋ ನಂದಿಬೆಟ್ಟಕ್ಕೋ ಹೋಗಿಬರುತ್ತಿದ್ದರು. ಅಲ್ಲಿ ಅವರಿಗೆ ನೆಂಟರಿರಲಿಲ್ಲ, ಹರಕೆಯಿರಲಿಲ್ಲ, ಎತ್ತು ಕೊಳ್ಳುವುದಿರಲಿಲ್ಲ. ಸುಮ್ಮನೆ ಹೋಗಿ ಬೆಟ್ಟ ನೋಡಿ, ನೀರು ನೋಡಿ ಬರುತ್ತಿದ್ದರು.

ಪಾಸಾದ ವರ್ಷ ನಾನೂ ಹಾಗೆ ಹೊರಡುವುದೆಂದು ನಿಶ್ಚಯಿಸಿದೆ. ಯುದ್ಧದ ಕಾಲ, ಊಟಿ ದೂರದ ಮಾತು. ಜಗಳೂರಿನಿಂದ ಹೊರಟು ಚನ್ನಗಿರಿ ಕಡೆಯ ಸೂಳೆಕೆರೆ, ಬಸವಾಪಟ್ಟಣದ ಗುಡ್ಡ, ಹೊನ್ನಾಳಿಯ ತುಂಗಭದ್ರೆ, ಕಡೆಗೆ ನ್ಯಾಮತಿಯ ಬೆಟ್ಟಗಳು. ಬಾವಿಯ ತಳದಲ್ಲಿ ನೀರು ಹುಡುಕಿ ಬೆಳೆದ ಜಗಳೂರಿನವನಿಗೆ ಅಷ್ಟು ಸಾಕಿತ್ತು.

"ನಾನೂ ಬರ್ತೀನಿ" ಎಂದಳು ದೊಡ್ಡವ್ವ.

ಅವಳು ನನ್ನ ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ, ಕಾಲು ಗಟ್ಟಿಯಿತ್ತು. ಹಾಗಾಗಿ ನಮ್ಮ ಬಳಗದಲ್ಲಿ ಯಾರೇ ಸತ್ತರೂ ಊರೂರಿಗೆ ಸುದ್ದಿ ಮುಟ್ಟಿಸುವ ಕೆಲಸ ಅವಳಿಗೆ ಬಿದ್ದಿತ್ತು. ಅದಕ್ಕೊಂದು ರೀತಿಯಿತ್ತು. ಹೊಸ್ತಿಲಲ್ಲಿ ಸತ್ತವರ ಹೆಸರು ಎತ್ತಬಾರದು. ಸುದ್ದಿ ತಂದವರು ಬಾಯಿ ಬಿಡದೆ ಬಂದು ನಿಲ್ಲಬೇಕು, ಮನೆಯವರು ತಬ್ಬಿ ಅತ್ತು, ಒಲೆ ಆರಿಸಿ, ಆಮೇಲೆ "ಯಾರು?" ಎಂದು ಕೇಳಬೇಕು. ನನ್ನ ತಾಯಿ ಹೋದಾಗ ದೊಡ್ಡವ್ವ ನ್ಯಾಮತಿಯಲ್ಲಿದ್ದ ಕೊನೆಯ ತಂಗಿಯ ಮನೆಗೆ, ಅಂದರೆ ನನ್ನ ಚಿಕ್ಕವ್ವನ ಮನೆಗೆ, ಹಾಗೆಯೇ ಹೋಗಿ ನಿಂತಿದ್ದಳು. ಅತ್ತು ಮುಗಿದ ಮೇಲೆ ಚಿಕ್ಕವ್ವ, "ಅಕ್ಕಾ, ನಿನ್ನ ಕಂಡ್ರೇ ನನ್ನ ಎದಿ ಒಡೀತೈತೆ. ಇನ್ನು ನೀ ಬರಬ್ಯಾಡ" ಎಂದಿದ್ದಳಂತೆ. ಆಮೇಲೆ ದೊಡ್ಡವ್ವ ಹೋಗಿರಲಿಲ್ಲ.

"ಒಂದ್ಸಲ ಅವಳ ಮನಿಗೆ ಸುಮ್ಮನೆ ಹೋಗ್ಬೇಕು ಕಣೋ. ಅಳಾಕಲ್ಲ. ಹಂಗೇ ಹೋಗಿ ಕೂತು ಬರ್ಬೇಕು. ನೀನು ಹೆಂಗೂ ಸುಮ್ಮನೆ ಹೋಗೋದು ಕಲ್ತು ಬಂದೀಯಲ್ಲ!"

ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಣ್ಣಿನ ಕುಡಿಕೆಯಲ್ಲಿ ಶೇಂಗಾ ಚಟ್ನಿಪುಡಿ, ಒಂದು ಗಂಟು ಜೋಳದ ರೊಟ್ಟಿ ಹಿಡಿದು ಹೊರಟಳು.

ಮೊದಲು ಚನ್ನಗಿರಿ. ಅಲ್ಲಿ ನಮ್ಮ ಸೋದರಮಾವನ ಮನೆ. ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದವಳು ದೊಡ್ಡವ್ವನನ್ನು ಕಂಡಿದ್ದೇ ಮೊರ ಬಿಸಾಡಿ "ಅಯ್ಯೋ ಶಿವನೇ!" ಎಂದು ಕಿರುಚಿದಳು. ಆ ಕೂಗು ಕೇಳಿದ ದೊಡ್ಡವ್ವ, ಇವರ ಮನೆಯಲ್ಲೇ ಯಾರೋ ಹೋಗಿರಬೇಕೆಂದು ತಿಳಿದು, ಓಡಿಹೋಗಿ ಅವಳನ್ನು ತಬ್ಬಿ ತಾನೂ ಶುರುಮಾಡಿದಳು. ಅವಳ ಕಂಠ ಒಳ್ಳೆಯದು. ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಒಳಗೆ ಯಾರೋ ಒಲೆಗೆ ನೀರು ಸುರಿದ ಸದ್ದು ಚುಸ್ಸೆಂದು ಕೇಳಿಸಿತು. ಅಲ್ಲಿಗೆ ನಮ್ಮ ಮಧ್ಯಾಹ್ನದ ಊಟ ಮುಗಿಯಿತು.

ಮಾವ ನನ್ನನ್ನು ಮೂಲೆಗೆ ಎಳೆದು ಕಣ್ಣೊರೆಸಿಕೊಳ್ಳುತ್ತಾ ಕೇಳಿದ: "ಯಾರೋ?"

"ಇಲ್ಲಿ ಯಾರು ಮಾವ?"

"ಇಲ್ಲಿ ಯಾರೂ ಇಲ್ಲ. ಅಲ್ಲಿ ಯಾರು?"

"ಅಲ್ಲೂ ಯಾರೂ ಇಲ್ಲ."

ಮಾವ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದ. "ಮತ್ತೆ ಯಾಕ್ ಬಂದ್ರಿ?"

"ಸೂಳೆಕೆರೆ ನೋಡಾಕೆ."

"ಅದೇನು ಎಲ್ಲಿಗಾದ್ರೂ ಹೊಂಟಿತ್ತೇನೋ? ಅಲ್ಲೇ ಐತಲ್ಲ!"

ಅಳು ನಿಲ್ಲಿಸುವುದು ಶುರುಮಾಡಿದಷ್ಟು ಸುಲಭವಿರಲಿಲ್ಲ. ನೆರೆಯ ಮುದುಕಿಯೊಬ್ಬಳು, "ಇಷ್ಟು ಅತ್ತ ಮ್ಯಾಲೆ ಯಾರೂ ಇಲ್ಲ ಅಂದ್ರೆ ಹೆಂಗೆ?" ಎಂದು ನ್ಯಾಯ ಕೇಳಿದಳು.

ಮರುದಿನ ಕೆರೆಬಿಳಚಿಯ ಕಡೆಯಿಂದ ಹೋಗಿ ಸೂಳೆಕೆರೆ ನೋಡಿದೆವು. ಆಚೆ ದಡ ಕಾಣದ ಆ ನೀರನ್ನು ನೋಡಿ ದೊಡ್ಡವ್ವ, "ಇದ್ರಾಗೆ ಒಂದು ಕೊಡ ಜಗಳೂರಿಗೆ ಕೊಟ್ರೆ ಇದಕ್ಕೇನು ಕಮ್ಮಿ ಆಗ್ತಿತ್ತು?" ಎಂದು ಮುನಿಸಿಕೊಂಡು ಕೂತಳು. ಬಸವಾಪಟ್ಟಣದ ಗುಡ್ಡವನ್ನು ಮಾತ್ರ ಸರಿಯಾಗಿ ನೋಡಲಾಗಲಿಲ್ಲ. ಪೆಟ್ರೋಲ್ ಸಿಗದ ದಿನಗಳು, ನಮ್ಮದು ಇದ್ದಿಲಿನ ಬಸ್ಸು. ಏರು ಬಂದಲ್ಲೆಲ್ಲ ಅದು ಉಬ್ಬಸದವರಂತೆ ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ತಲೆ ತಗ್ಗಿಸಿ ತಳ್ಳುವುದು. ಗುಡ್ಡ ಹೇಗಿತ್ತೆಂದು ಈಗ ಕೇಳಿದರೆ ನನಗೆ ನೆನಪಿರುವುದು ಬಸ್ಸಿನ ಬೆನ್ನು.

ಹೊನ್ನಾಳಿಯಲ್ಲಿ ದೊಡ್ಡವ್ವನ ಗಂಡನ ಕಡೆಯವರ ಮನೆ. ಚನ್ನಗಿರಿಯ ಫಜೀತಿ ಮರುಕಳಿಸಬಾರದೆಂದು ನಾನೊಂದು ಉಪಾಯ ಮಾಡಿದೆ. ಓದಿದವನಲ್ಲವೇ! ದೊಡ್ಡವ್ವನನ್ನು ಹಿಂದೆ ಬಿಟ್ಟು, ದೂರದಿಂದಲೇ ಹಲ್ಲು ಕಿರಿಯುತ್ತಾ, ಕೈ ಬೀಸುತ್ತಾ ಮನೆ ಹೊಕ್ಕೆ. ಮನೆಯ ಯಜಮಾನ ನನ್ನ ನಗುವನ್ನು ನೋಡಿದ, ಹಿಂದೆ ಬರುತ್ತಿದ್ದ ದೊಡ್ಡವ್ವನನ್ನು ನೋಡಿದ, "ಹಿಡ್ಕಳ್ರೋ ಇವನ್ನ! ದುಃಖ ನೆತ್ತಿಗೇರೈತೆ!" ಎಂದು ಕೂಗಿದ. ನಾಲ್ಕು ಜನ ನನ್ನನ್ನು ಕಂಬಕ್ಕೆ ಒರಗಿಸಿ ಹಿಡಿದುಕೊಂಡರು. ಒಬ್ಬಳು ಬಟ್ಟಲು ತುಂಬ ಹರಳೆಣ್ಣೆ ತಂದು ನೆತ್ತಿಗೆ ತಟ್ಟತೊಡಗಿದಳು.

"ನಂಗೇನೂ ಆಗಿಲ್ಲ ಬಿಡ್ರೀ! ನಾನು ಬಿ.ಎ.!" ಎಂದೆ.

"ಹೌದಪ್ಪ, ಹೌದು. ಅದೇ ಅತಿಯಾಗೈತೆ" ಎಂದು ಅವಳು ಇನ್ನಷ್ಟು ತಟ್ಟಿದಳು.

ಕಿವಿಯ ಮೇಲೆ ಎಣ್ಣೆ ಇಳಿಸಿಕೊಂಡೇ ಸಂಜೆ ಹೊಳೆಗೆ ಹೋದೆ. ದಡದಲ್ಲಿ ಅಂಬಿಗ ಹರಿಗೋಲು ಕಟ್ಟುತ್ತಿದ್ದ. "ಆಚಿ ದಡಕ್ಕಾ?" ಎಂದು ಕೇಳಿದ.

"ಇಲ್ಲಪ್ಪ. ನಡು ಹೊಳಿಗೆ ಹೋಗಿ ವಾಪಸ್ ಬರೋದು" ಎಂದಳು ದೊಡ್ಡವ್ವ.

ಅಂಬಿಗ ಅವಳ ಬರಿ ಹಣೆ ನೋಡಿದ, ಎದೆಗೆ ಅವಚಿಕೊಂಡಿದ್ದ ಬಟ್ಟೆ ಕಟ್ಟಿದ ಕುಡಿಕೆ ನೋಡಿದ, ನನ್ನ ತಲೆಯ ಎಣ್ಣೆ ನೋಡಿದ. ಕೈ ಹಿಡಿದು ಹತ್ತಿಸಿಕೊಂಡ. ನಡು ಹೊಳೆಯಲ್ಲಿ ಹುಟ್ಟು ನಿಲ್ಲಿಸಿ, ರುಮಾಲು ತೆಗೆದು ಮಡಿಲಲ್ಲಿಟ್ಟು ಮೆಲ್ಲಗೆ ಹೇಳಿದ: "ಇಲ್ಲಿ ಆಳ ಐತೆ ತಾಯಿ. ಬಿಟ್ಬಿಡ್ರಿ."

"ಏನ್ ಬಿಡಾಕೆ?"

"ಕುಡಿಕ್ಯಾಗ ಇರೋರನ್ನ."

ದೊಡ್ಡವ್ವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಹರಿಗೋಲು ಅಲ್ಲಾಡುವಂತೆ ಎದ್ದು ನಿಂತಳು. "ನಿನ್ನ ಬಾಯಾಗ ಮಣ್ಣು ಹಾಕ! ಶೇಂಗಾ ಹುರ್ದು, ಬೆಳ್ಳುಳ್ಳಿ ಹಾಕಿ, ರಟ್ಟಿ ಬೀಳಂಗೆ ಕುಟ್ಟೀನಿ, ಹೊಳಿಗೆ ಸುರಿ ಅಂತೀಯೇನೋ?" ಬಟ್ಟೆ ಬಿಚ್ಚಿ ಅವನ ಮೂಗಿಗೆ ಹಿಡಿದಳು.

ಅಂಬಿಗನಿಗೆ ಸೀನು ಬಂತು. ಸೀನಿ ಮುಗಿಸಿ, ರುಮಾಲು ಸುತ್ತಿಕೊಂಡು ನಗುತ್ತಾ ಹೇಳಿದ: "ಈಗ ಸಮಾಧಾನ ಆತು ತಾಯಿ. ಸಾವು ಹೊತ್ತು ಬಂದೋರು ಹಿಂಗೆ ಬಯ್ಯಲ್ಲ."

ಮೂವರೂ ಅಲ್ಲೇ ರೊಟ್ಟಿ ತಿಂದೆವು. ಆದರೆ ದೊಡ್ಡವ್ವ ದಡ ಮುಟ್ಟುವವರೆಗೂ ಅಂಬಿಗನ ಮಾತನ್ನೇ ಗೊಣಗಿಕೊಳ್ಳುತ್ತಿದ್ದಳು. ನೀರನ್ನೂ ನೋಡಲಿಲ್ಲ. ಏನನ್ನೋ ಒಳಗೇ ತೂಗಿ ನೋಡುತ್ತಿದ್ದಳು.

ಮರುದಿನ ಗೋವಿನಕೋವಿಯವರ ಗಾಡಿಯೊಂದು ಸಿಕ್ಕಿ, ಅರ್ಧ ದಾರಿ ಅದರಲ್ಲಿ, ಇನ್ನರ್ಧ ನಡೆದು ನ್ಯಾಮತಿ ಸೇರಿದೆವು. ಚಿಕ್ಕವ್ವನ ಬೀದಿಯ ತುದಿಗೆ ಬಂದಾಗ ದೊಡ್ಡವ್ವ ಕುಡಿಕೆಯನ್ನು ನನ್ನ ಕೈಗೆ ಕೊಟ್ಟಳು. ಚಿಕ್ಕವ್ವ ಬಾಗಿಲಲ್ಲೇ ನಿಂತಿದ್ದಳು. ಅಕ್ಕನನ್ನು ಕಂಡಳು. ಬಣ್ಣ ಇಳಿದ ಮುಖ, ಬಾಯಿಯ ಕಡೆಗೆ ಏರುತ್ತಿದ್ದ ಕೈ. ನಾನು ಕಣ್ಣು ಮುಚ್ಚಿಕೊಂಡೆ.

"ಏನೇ, ನನ್ನ ಶಾವಿಗೆ ಒತ್ತೋ ಮಣಿ ಕೊಡ್ತೀಯೋ, ಬೀದ್ಯಾಗೆ ನಿನ್ನ ಮಾನ ಕಳೀಲೋ?"

ಕಣ್ಣು ಬಿಟ್ಟೆ. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಬೀದಿಯಲ್ಲಿ ನಿಂತಿದ್ದಳು. ಚಿಕ್ಕವ್ವನ ಕೈ ಗಾಳಿಯಲ್ಲೇ ನಿಂತಿತ್ತು.

"ಯಾವ ಮಣಿ?"

"ಯಾವುದಂತೆ! ನಮ್ಮವ್ವ ನಂಗೆ ಕೊಟ್ಟಿದ್ದು!"

ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವ, ಶಾವಿಗೆ ಮಣಿ ನಮ್ಮ ಅಟ್ಟದ ಮ್ಯಾಲೇ ಐತಲ್ಲ..."

"ಓದಿದೋನು ಬಾಯಿ ಮುಚ್ಚು!" ಎಂದು ನನ್ನ ತೋಳು ಹಿಂಡಿದಳು.

ಅಷ್ಟರಲ್ಲಿ ಚಿಕ್ಕವ್ವನಿಗೆ ದನಿ ಬಂದಿತ್ತು. "ಕೇಳಿದ್ಯಾ? ನಿನ್ನ ಅಟ್ಟದಾಗೇ ಐತಂತೆ ಕಳ್ಳೀ! ಹೋದ ಬ್ಯಾಸಿಗಿಗೆ ಯಾರದೋ ಕೈಲಿ ಶಾವಿಗೆ ಕಳಿಸಿದ್ಯಲ್ಲ, ಅದನ್ನ ಹಣಿ ಮ್ಯಾಲೆ ಒತ್ತಿದ್ಯಾ?"

"ಮತ್ತೆ ಆ ಶಾವಿಗಿ ತಿಂದು ಚೆಂದ ಐತೆ ಅಂತ ಒಂದು ಮಾತು ಹೇಳಿ ಕಳಿಸಿದ್ಯಾ?"

"ಉಪ್ಪಿರಲಿಲ್ಲ ಅದಕ್ಕೆ!"

ಎದುರು ಮನೆಯ ಹೆಂಗಸೊಬ್ಬಳು ಆಗಲೇ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ ಹೊರಬಂದಿದ್ದವಳು, "ಓ, ಜಗಳಕ್ಕಾ!" ಎಂದು ಕೈಬಿಟ್ಟು ಒಳಗೆ ಹೋದಳು. ಬೀದಿ ಉಸಿರು ಬಿಟ್ಟಂತಾಯಿತು.

ಚಿಕ್ಕವ್ವ ಜಗಲಿಯ ಮೇಲೆ ಕೂತಳು. "ಅಕ್ಕಾ... ಯಾರೂ..." ಎಂದು ಅಲ್ಲಿಗೇ ನಿಲ್ಲಿಸಿದಳು.

"ಯಾರೂ ಇಲ್ಲ ಕಣೇ. ಎಲ್ಲಾರೂ ಗಟ್ಟಿ ಅದಾರೆ. ಈ ನಮ್ಮ ಹುಡುಗ ಪಾಸಾಗ್ಯಾನ. ಸುಮ್ಮನೆ ನೀರು ನೋಡಾಕೆ ಬಂದ್ವಿ."

ಚಿಕ್ಕವ್ವ ಮುಖ ಒರೆಸಿಕೊಂಡಳು. "ನೀರು ನೋಡಾಕೆ ಜಗಳೂರಿಂದ ಬಂದ್ಯಾ? ಬಚ್ಚಲದಾಗೆ ಹಂಡೆ ತುಂಬ ಐತೆ. ಒಳಗೆ ಬಾ, ನೋಡೀಯಂತೆ."

ನ್ಯಾಮತಿಯ ಬೆಟ್ಟಗಳಿಗೆ ಮರುದಿನ ನಾನೊಬ್ಬನೇ ಹೋದೆ. ಒಂದು ಬಂಡೆಯ ಮೇಲೆ ಕೂತು, ದೊಡ್ಡ ಮನುಷ್ಯರಂತೆ ಗಾಳಿ ಕುಡಿದೆ. ತಿರುಗಿ ಬರುವಾಗ ಬೀದಿಯ ತುದಿಗೇ ಅವರಿಬ್ಬರ ಗಂಟಲು ಕೇಳಿಸುತ್ತಿತ್ತು. ಶಾವಿಗೆ ಮಣೆಯಿಂದ ಶುರುವಾದದ್ದು, ಚಿಕ್ಕವರಿದ್ದಾಗ ಬೆಲ್ಲ ಕದ್ದವರು ಯಾರೆಂಬಲ್ಲಿಗೆ ಬಂದಿತ್ತು.