ಅಪ್ಪನ ಫಟಫಟಿ ಮತ್ತು ನನ್ನ ಕೆಂಪು ಪೆನ್ನು

ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟ ಇನ್ನೊಂದರೊಳಗೆ ಸಿಕ್ಕಿಕೊಂಡು, ಏನು ಮಾಡಿದರೂ ಬಿಡಲೊಲ್ಲದು. ನಿವೃತ್ತ ವಿಜ್ಞಾನ ಮಾಸ್ತರನ ಗತ್ತಿನಲ್ಲಿ ನಾನೆದ್ದು, "ಹೊರಗಿನ ಲೋಟ ಬಿಸಿನೀರಾಗ ಇಡು. ಒಳಗಿಂದಕ್ಕ ತಣ್ಣೀರು ಹಾಕು. ಕಾದದ್ದು ಹಿಗ್ಗತೈತಿ" ಎಂದೆ. ಲೋಟ ಬಿಟ್ಟಿತು. ಹೆಂಡತಿ ಎರಡನ್ನೂ ಒರೆಸಿಡುತ್ತ, "ಇಷ್ಟು ತಿಳದಾವ್ರು ಅವತ್ತ ಮಾವಾರ ಫಟಫಟಿ ಯಾಕ ಕೆಡಿಸಿದ್ರಿ?" ಎಂದಳು. ಮನೆಯಲ್ಲಿ ಆ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೆ. ಇಂದು ನಿಮಗೂ ಹೇಳಿಬಿಡುತ್ತೇನೆ.

ಅದು ಬಿಳಿಯರ ಕಾಲದ ಮೋಟಾರ್‌ಸೈಕಲ್ಲು. ಒಂದೇ ಸಿಲಿಂಡರು; ನೀರಿನ ಹಂಗಿಲ್ಲದೆ ಬರೀ ಗಾಳಿಗೆ ತಣ್ಣಗಾಗುವ ಎಂಜಿನ್. ಅಪ್ಪ ಹುನಗುಂದದ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದವರು. ಸುತ್ತಲಿನ ಹಳ್ಳಿಗಳ ಎಮ್ಮೆಗಳು ದೂರದಿಂದಲೇ ಅದರ ಸದ್ದು ಕೇಳಿ, ಸೂಜಿ ಬಂತೆಂದು ಹಗ್ಗ ಜಗ್ಗುತ್ತಿದ್ದವಂತೆ. ಅಪ್ಪನನ್ನು ಬಿಟ್ಟರೆ ಆ ಗಾಡಿ ಮುಟ್ಟುವ ಹಕ್ಕಿದ್ದದ್ದು ಇಳಕಲ್ಲಿನ ಹುಸೇನಸಾಬ ಮೇಸ್ತ್ರಿಗೆ ಮಾತ್ರ. ಗಾಡಿಗೆ ಏನೂ ಆಗಿರದಿದ್ದರೂ ಅಪ್ಪ ಪ್ರತಿ ರವಿವಾರ ಅವರ ಅಂಗಡಿಗೆ ಹೋಗಿ ಚಹಾ ಕುಡಿದು, ಮಧ್ಯಾಹ್ನದವರೆಗೆ ಹರಟಿ ಬರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪನ ಮೊಣಕಾಲು ಸೋತು ಗಾಡಿ ನನ್ನ ಕೈಗೆ ಬಂತು. ಅದರ ಹೊಗೆಯೂ ಬಂತು. ನಾನು ಸಾಲೆಗೆ ಬಂದದ್ದು ಹೆಡ್‌ಮಾಸ್ತರರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು. ಹುಸೇನಸಾಬರು ಎಂಜಿನ್ ಬಿಚ್ಚಿ, ಸಿಲಿಂಡರಿನೊಳಗೆ ಬೆರಳಾಡಿಸಿದರು.

"ಬರೇ ರಿಂಗ್ ಹಾಕಿದ್ರ ನಾಕ ತಿಂಗಳ ನಡೀತೈತಿ. ಬೋರ್ ಹೊಡಸೂದ ಚಲೋ. ಆದ್ರ ಮಾಸ್ತರ, ಇದ ಕಡೀ ಬೋರ್. ಇದಕ್ಕಿಂತ ದೊಡ್ಡ ಪಿಸ್ಟನ್ ಎಲ್ಲೂ ಸಿಗಂಗಿಲ್ಲ."

ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲ ಮಾಡಿ, ದೊಡ್ಡ ಪಿಸ್ಟನ್ ಕೂಡಿಸುವ ಕೆಲಸವದು. ಕೊರೆಯುವ ಲೇತ್ ಇದ್ದದ್ದು ಬಾಗಲಕೋಟೆಯಲ್ಲಿ. ಅಲ್ಲಿಯವರಿಗಾಗಿ ಹುಸೇನಸಾಬರು ಒಂದು ಚೀಟಿ ಬರೆದುಕೊಟ್ಟರು: ಪಿಸ್ಟನ್ನಿಗೂ ಗೋಡೆಗೂ ನಡುವೆ ಆರು ಥೌ ಸಂದು, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಆರು. "ಗಾಳಿ ಎಂಜಿನ್ ಭಾಳ ಕಾಯ್ತೈತ್ರಿ. ಸ್ವಲ್ಪ ಸಡ್ಲ ಇರ್ಲಿ" ಎಂದರು.

ಸಿಲಿಂಡರನ್ನು ಟವೆಲಿನಲ್ಲಿ ಸುತ್ತಿ, ಬಾಣಂತಿ ಕೂಸು ಹಿಡಿದಂತೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟು ಮೆಲ್ಲುತ್ತ ಚೀಟಿ ತೆಗೆದು ನೋಡಿದೆ. ಆರು! ನಮ್ಮ ಕಡೆ ಬಿಗಿ ಎಂದರೆ ಗುಣ. ಬಾಗಿಲು ಬಿಗಿ ಇರಬೇಕು, ಗಂಟು ಬಿಗಿ ಇರಬೇಕು, ಮಾಸ್ತರ ಬಿಗಿ ಇರಬೇಕು. ಸಡಿಲ ಎಂಬುದು ಬೈಗುಳ. ಮೇಲಾಗಿ ನಾನೊಂದು ಪುಸ್ತಕ ಓದಿದ್ದೆ. ಅದರಲ್ಲಿ ಎರಡು ಥೌ ಎಂದಿತ್ತು. ಅದು ನೀರಿನಿಂದ ತಣ್ಣಗಾಗುವ ಕಾರಿನ ಎಂಜಿನ್ ಕುರಿತದ್ದು ಎಂಬ ಸಣ್ಣ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು ಆರನ್ನು ಹೊಡೆದು ಎರಡು ಮಾಡಿದೆ. ರೂಢಿ ನೋಡಿ, ಪಕ್ಕದಲ್ಲಿ ಸಹಿ ಕೂಡ ಹಾಕಿದೆ. ಅದೇ ವಾರ ಎಂಟನೆಯ ಇಯತ್ತೆಯಲ್ಲಿ, ಕಾಯಿಸಿದ ಕಬ್ಬಿಣದ ಗುಂಡು ಉಂಗುರದೊಳಗೆ ತೂರುವುದಿಲ್ಲವೆಂದು ಪ್ರಯೋಗ ಮಾಡಿ ತೋರಿಸಿದ್ದವನು ಈ ಮಹಾಶಯನೇ.

ಕೊರೆದು ತಂದ ಸಿಲಿಂಡರಿನಲ್ಲಿ ಪಿಸ್ಟನ್ ಇಳಿಸುತ್ತಿದ್ದಂತೆ ಹುಸೇನಸಾಬರ ಕೈ ನಿಂತಿತು.

"ಮಾಸ್ತರ, ಇದ ಬಿಗಿ ಆಗೇತಿ."

"ನಾನ ಹೇಳಿ ಮಾಡಿಸೇನಿ ಕಾಕಾ. ಪುಸ್ತಕದಾಗ ಹಂಗ ಐತಿ."

ಅವರು ನನ್ನ ಮುಖ ನೋಡಿದರು, ಸಿಲಿಂಡರ್ ನೋಡಿದರು. ಆಮೇಲೆ ಕೂಡಿಸಿದರು.

ಮೊದಲ ಸವಾರಿ ಬಾದಾಮಿಗೆ, ನೆಂಟರೊಬ್ಬರ ಮನೆಗೆ. ಏಪ್ರಿಲ್ ಬಿಸಿಲು. ಹಿಂದೆ ಕುಳಿತ ಅಪ್ಪ, "ಹೊಸಾ ಗಾಡಿ ಆತಲೇ!" ಎಂದು ನನ್ನ ಬೆನ್ನು ಗುದ್ದಿದರು. ಅಪ್ಪ ನನ್ನನ್ನು ಹೊಗಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಅಮೀನಗಡ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎಂಜಿನ್ ಕಿರ್ರೆಂದು ಕಚ್ಚಿಕೊಂಡಿತು, ಹಿಂದಿನ ಗಾಲಿ ನಿಂತುಬಿಟ್ಟಿತು, ತಂದೆ ಮಗ ಇಬ್ಬರೂ ಕೊಯ್ದ ಜೋಳದ ಹೊಲದಲ್ಲಿದ್ದೆವು. ಅಪ್ಪ ಎದ್ದು ಮೊದಲು ಗಾಡಿ ನೋಡಿದರು, ಆಮೇಲೆ ನನ್ನನ್ನು.

ಟೆಂಪೊದಲ್ಲಿ ಹೇರಿಕೊಂಡು ಇಳಕಲ್ಲಿಗೆ ಒಯ್ದೆವು. ಹುಸೇನಸಾಬರು ಬಿಚ್ಚಿ ನೋಡಿದರೆ ಪಿಸ್ಟನ್ ಕಾದು ಹಿಗ್ಗಿ, ಒಳಗೋಡೆಯನ್ನು ಉದ್ದಕ್ಕೂ ಗೀರಿ ಹಾಕಿತ್ತು. ಇನ್ನು ಕೊರೆಯಲು ಏನೂ ಉಳಿದಿರಲಿಲ್ಲ.

"ಹುಸೇನಾ, ಇದ ಯಾರ ತಪ್ಪು?" ಎಂದರು ಅಪ್ಪ.

ನಾನು ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ಇನ್ನಷ್ಟು ಒಳಗೆ ತಳ್ಳಿದೆ. ಬೆನ್ನ ಮೇಲೆ ಬಿದ್ದ ಆ ಗುದ್ದು ಇನ್ನೂ ಬೆಚ್ಚಗಿತ್ತು.

"ನಂದ ತಪ್ಪರಿ ಸಾಹೇಬ್ರ" ಎಂದರು ಹುಸೇನಸಾಬರು.

ಅಪ್ಪ ಎದ್ದು ಹೊರಬಂದರು. ಮತ್ತೆಂದೂ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಏಳು ವರ್ಷ ಬದುಕಿದ್ದರು. ರವಿವಾರ ಬಂದರೆ ಅಂಗಿ ತೊಟ್ಟು ಪಡಸಾಲೆಯಲ್ಲಿ ಕೂಡುವರು, ಹೊರಗೆ ಯಾವ ಗಾಡಿ ನಿಂತರೂ "ಯಾರ ಬಂದ್ರು ನೋಡಲೇ" ಎನ್ನುವರು. ನಾನು ನೋಡಿ, ಯಾರೂ ಇಲ್ಲವೆಂದು ಬಂದು ಹೇಳುತ್ತಿದ್ದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮೊನ್ನೆ ಹೆಂಡತಿಯ ಮಾತು ಚುಚ್ಚಿದ್ದೇ ನೆವವಾಗಿ ಇಳಕಲ್ಲಿಗೆ ಹೊರಟೆ. ಹುಸೇನಸಾಬರಿಗೆ ಈಗ ಕಣ್ಣು ಮಂಜು. ಮನೆ ಮುಂದೆ ಹೊರಸಿನ ಮೇಲೆ ಕುಳಿತಿದ್ದರು. ನನ್ನ ದನಿ ಹಿಡಿದು ಗುರುತಿಸಿದರು. ಬಸ್ಸಿನಲ್ಲಿ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ: "ಕಾಕಾ, ಆ ಚೀಟಿ ತಿದ್ದಿದಾಂವ ನಾನು. ನನ್ನ ಉಳಸಾಕ ನೀವು ಮೈಮ್ಯಾಲೆ ಹಾಕ್ಕೊಂಡ್ರಿ."

"ನಿಮ್ಮನ್ನ ಉಳಸಾಕ ಅಲ್ರಿ ಮಾಸ್ತರ. ಖರೇನ ಹೇಳಿದ್ನಿ. ಬಿಗಿ ಐತಿ ಅಂತ ನನ್ನ ಕೈಗೆ ಗೊತ್ತಾಗಿತ್ತು. ಗೊತ್ತಿದ್ದೂ ಕೂಡಿಸಿದ್ನಿ. ಓದಿದವ್ರ ಮುಂದ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ." ಹೊರಸಿನ ಹಗ್ಗ ತಡವುತ್ತ ಅಂದರು, "ಸಾಹೇಬ್ರು ಬಂದ್ರ ಎಲ್ಲಾ ಬಿಡಿಸಿ ಹೇಳಬೇಕಂತ ಭಾಳ ದಿನ ಕಾದ್ನಿ. ಹೋಗಾಕ ಮುಖ ಇರಲಿಲ್ಲ. ಅವ್ರು ಬರಲೇ ಇಲ್ಲ."

ಕ್ಷಮೆ ಕೇಳಿ ಹಗುರಾಗಿ ಮರಳುವ ಲೆಕ್ಕದಲ್ಲಿ ಹೋದವನು ನಾನು. ಅವರ ಪಕ್ಕದಲ್ಲಿ ಕುಳಿತು, ಅಪ್ಪ ಏಳು ವರ್ಷ ಪಡಸಾಲೆಯಲ್ಲಿ ಯಾರಿಗಾಗಿ ಕಾದರೆಂಬುದನ್ನು ಅವರಿಗೆ ಹೇಳಬೇಕಾಯಿತು.