ರಕ್ತ ಕೊಡಲು ಬಂದ ಕರಿನಾಯಿ

ನಮ್ಮ ಹೆಣ್ಣುನಾಯಿಯ ಒಸಡು ಸುಣ್ಣದಂತೆ ಬಿಳಿಚಿಕೊಂಡಿತ್ತು. ಪಿರಿಯಾಪಟ್ಟಣದ ಪಶುವೈದ್ಯರು ಅದರ ತುಟಿ ಎತ್ತಿ ಬೆರಳಿನಿಂದ ಒತ್ತಿ ನೋಡಿದರು. ರಕ್ತ ಹೀರುವ ಉಣ್ಣೆಹುಳುವಿನ ಕಡಿತದಿಂದ ಬರುವ ಜ್ವರ. ಔಷಧ ಹಿಡಿಯುವವರೆಗೆ ಜೀವ ಉಳಿಯಬೇಕಾದರೆ ಇನ್ನೊಂದು ನಾಯಿಯ ರಕ್ತ ಬೇಕು ಎಂದರು. ನಾಯಿಗೆ ನಾಯಿಯ ರಕ್ತ ಕೊಡುತ್ತಾರೆಂದು ನನಗೆ ತಿಳಿದದ್ದು ಆಗಲೇ.

"ದೊಡ್ಡ ನಾಯಿ ಆಗಿರ್ಬೇಕು, ಗಟ್ಟಿಯಾಗಿರ್ಬೇಕು. ಮೈಮೇಲೆ ಉಣ್ಣೆ ಇರ್ಬಾರ್ದು. ಬೆಳಿಗ್ಗೆನೇ ಕರ್ಕೊಂಡ್ ಬನ್ನಿ."

ಪಕ್ಕದ ಹೊಲದವರನ್ನು ನಾನು ಅಣ್ಣ ಎನ್ನುತ್ತೇನೆ. ಹೊಗೆಸೊಪ್ಪು ಹದಮಾಡುವ ಅವರ ಬ್ಯಾರನ್ ಮನೆ ಕಾಯಲು ದೊಡ್ಡ ಕರಿನಾಯಿಯೊಂದಿತ್ತು. ವೈದ್ಯರ ಮಾತನ್ನು ಹಾಗೆಯೇ ಅವರಿಗೆ ಒಪ್ಪಿಸಿದೆ.

"ಬತ್ತೀನಿ ಬುಡು. ನಮ್ ರಕ್ತ ಒಳಕ್ ಹೋದ್ಮೇಲೆ ನಿನ್ ನಾಯಿನೂ ನಮ್ ಬ್ಯಾರನ್ ಕಾಯ್ಬೇಕು ಕಣಪ್ಪ" ಎಂದು ನಕ್ಕರು.

ಬೆಳಿಗ್ಗೆ ಅಣ್ಣ ಆಸ್ಪತ್ರೆಯ ಮುಂದೆ ಗೂಡ್ಸ್ ಆಟೋದಿಂದ ಇಳಿಸಿದಾಗ ಕರಿನಾಯಿಯ ಮೈ ಇನ್ನೂ ಒದ್ದೆಯಾಗಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಆಟೋ ಹತ್ತಿ ಹೆದರಿರಬೇಕು ಎಂದುಕೊಂಡೆ. ರಕ್ತ ತೆಗೆಯಲು ಕತ್ತಿನ ಕೂದಲು ಬಿಡಿಸಿದ ವೈದ್ಯರು ತಮ್ಮ ಬೆರಳನ್ನು ಮೂಸಿದರು.

"ಏನ್ ಹಾಕಿದ್ರಿ ಇದಕ್ಕೆ?"

"ಹೊಗೆಸೊಪ್ಪು ನೆನೆಹಾಕಿದ್ ನೀರು ಕಣ್ರೀ. ಉಣ್ಣೆ ಇರ್ಬಾರ್ದು ಅಂದ್ರಂತಲ್ಲ. ಈಗ ಉಡುಕಿದ್ರೂ ಒಂದ್ ಸಿಕ್ಕಲ್ಲ."

ನಮ್ಮ ಕಡೆ ದನದ ಹೇನಿಗೂ ನಾಯಿಯ ಉಣ್ಣೆಗೂ ಅದೇ ಮದ್ದು. ಆದರೆ ತೆಳ್ಳಗೆ ಮಾಡಿಕೊಂಡು, ಅಲ್ಲಲ್ಲಿ ಸವರಿ ಬಿಡುತ್ತಾರೆ. ಅಣ್ಣ ನನ್ನ ನಾಯಿಗಾಗಿ ಅದನ್ನು ಗಟ್ಟಿಯಾಗಿ ನೆನೆಸಿ, ಮೈಯೆಲ್ಲ ತೋಯಿಸಿದ್ದರು. ನಾಯಿ ದಾರಿಯುದ್ದಕ್ಕೂ ಮೈ ನೆಕ್ಕಿಕೊಂಡಿತ್ತಂತೆ. ವಿಷ ಒಳಗೆ ಇಳಿದಿದೆ ಎಂದು ವೈದ್ಯರು ಹೇಳುತ್ತಿದ್ದಂತೆಯೇ ಅದರ ಹಿಂಗಾಲುಗಳು ನಡುಗಿ ಕುಸಿದವು.

"ರಕ್ತ ತೆಗೆಯೋ ಮಾತೇ ಇಲ್ಲ. ಮೊದಲು ಇದನ್ನ ಉಳಿಸ್ಬೇಕು."

ಇದ್ದದ್ದು ಒಂದೇ ಮೇಜು. ನಮ್ಮ ನಾಯಿಯನ್ನು ಅದರಿಂದ ಎತ್ತಿ ನೆಲದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದೆ. ಅಣ್ಣ ಕರಿನಾಯಿಯ ತಲೆ ಹಿಡಿದುಕೊಂಡರು. ನಾನು ಸೋಪು ಹಚ್ಚಿ ನೀರು ಸುರಿದೆ. ವೈದ್ಯರು ಸೂಜಿ ಚುಚ್ಚಿ ಬಾಟಲಿ ನೇತುಹಾಕಿದರು. ಕೈ ಬಿಡುವಾದಾಗ ಹುಣಸೂರಿನ ಪರಿಚಯದವರಿಗೆ ಫೋನ್ ಮಾಡಿದೆ. ಅವರಲ್ಲೂ ದೊಡ್ಡ ನಾಯಿಯಿತ್ತು. ಈಗಲೇ ಹೊರಡುತ್ತೇನೆ ಎಂದರು.

"ಏನ್ ಮಾಡ್ಬುಟ್ಟೆ ನಾನು" ಎಂದು ಅಣ್ಣ ಮೆಲ್ಲಗೆ ಹೇಳಿದರು.

ನಮ್ಮ ನಾಯಿಯ ಉಸಿರು ಮೊದಲು ವೇಗವಾಯಿತು. ಆಮೇಲೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಂತರ ಬೆಳೆಯಿತು. ಅದರ ಪಕ್ಕೆಯ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಹಾಗೆ ಇಟ್ಟಿರುವುದನ್ನು ಬಿಟ್ಟು ಆ ಕೈಗೆ ಬೇರೆ ಕೆಲಸವಿರಲಿಲ್ಲ. ಒಮ್ಮೆ ಇಳಿದ ಪಕ್ಕೆ ಮತ್ತೆ ಏಳಲಿಲ್ಲ. ದಾರಿಯಲ್ಲಿದ್ದವರಿಗೆ ಫೋನ್ ಮಾಡಿ ಹಿಂದಿರುಗುವಂತೆ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಕರಿನಾಯಿ ತಲೆ ಎತ್ತಿ ನೀರು ನೆಕ್ಕಿತು. ಅಣ್ಣ ಸಂತೋಷಪಡಲು ಹೆದರಿದವರಂತೆ ನನ್ನ ಮುಖ ನೋಡಿದರು.

"ಮನೆಗೆ ಕರ್ಕೊಂಡ್ ಹೋಗಿ ಅಣ್ಣ" ಎಂದೆ.

"ನೀನು?"

"ನಾನು ಬೇರೆ ಗಾಡಿ ನೋಡ್ತೀನಿ."

"ಯಾಕ್ಲಾ, ಒಂದೇ ದಾರಿ ಅಲ್ವಾ" ಎಂದು ಅವರು ಗೋಣಿಚೀಲದ ಎರಡು ತುದಿ ಹಿಡಿದರು. ಇನ್ನೆರಡನ್ನು ನಾನು ಹಿಡಿದೆ.